ಒಂದು ನೋಡಿ ಒಂದು ಬಿಡುವುದು

ಮಾಮ ಬಂದದ್ದು ಸುಡು ಮಧ್ಯಾಹ್ನ. ಅವನ ಸಿಟ್ಟು ಎಷ್ಟಿದೆ ಎನ್ನುವುದು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಗೇಟಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆ ದಿನ ಗೇಟು ಗೋಡೆಗೆ ಬಡಿದ ಸದ್ದಿಗೆ ಅವ್ವ ಅಡಿಗೆಮನೆಯಿಂದಲೇ, ನನ್ನ ತಮ್ಮ ಬಂದ, ನೀರು ಕೊಡು, ಎಂದು ಕೂಗಿದಳು.

ಮಾಮ ಕಮಲಾಪುರದ ಹೊರಗೆ, ಮಹಾಗಾಂವ ಕಡೆಯ ದಾರಿಗೆ ಕೆಂಪು ಬಾಳೆಯ ತೋಟ ಮಾಡಿದ್ದಾನೆ. ಕೆಂಪು ಬಾಳೆ ನಿಧಾನದ ಬೆಳೆ. ನೆಟ್ಟು ವರ್ಷದ ಮೇಲೂ ಕಾದರೆ ಗಿಡ ಒಂದು ಗೊನೆ ಬಿಡುತ್ತದೆ. ಅಷ್ಟು ಕಾಯಿಸುವುದರಿಂದಲೋ ಏನೋ, ಒಂದೊಂದು ಗೊನೆಯ ಮೇಲೂ ಮಾಮನಿಗೆ ಹೆತ್ತ ಮಕ್ಕಳ ಮೇಲಿನ ಮೋಹ.

ನೀರು ಕುಡಿದು ಮುಗಿಸಿ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ನನ್ನ ಮುಂದೆ ಬಿಚ್ಚಿದ. ಒಳಗೆ ಬೆರಳಿನ ಉಗುರಿನಷ್ಟು ಅಗಲದ ಒಂದು ಕಾರ್ಡು.

"ಇದ್ರಾಗ ನನ್ನ ತೋಟದ ಕಳ್ಳ ಅದಾನ," ಎಂದ. "ಹುಡುಕಿ ಕೊಡು."

ಹೋದ ಮಳೆಗಾಲದಿಂದ ಆಗೊಮ್ಮೆ ಈಗೊಮ್ಮೆ ತೋಟದಲ್ಲಿ ಒಂದು ಗೊನೆ ಕಾಣೆಯಾಗುತ್ತಿತ್ತಂತೆ. ಯಾವುದೋ ಮೊಬೈಲ್ ಅಂಗಡಿಯವನ ಮಾತು ಕೇಳಿ ಮಾಮ ತೋಟದ ಕಾಲುದಾರಿಗೆ ಎದುರಾಗಿ ಕಂಬ ನೆಟ್ಟು ಕ್ಯಾಮೆರಾ ಕಟ್ಟಿಸಿದ್ದ. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ನಿಮಿಷಕ್ಕೊಂದು ಚಿತ್ರ ತೆಗೆಯುವ ಸಣ್ಣ ಡಬ್ಬಿ ಅದು. ಡಬ್ಬಿ ತನ್ನ ಪಾಡಿಗೆ ತೆಗೆಯುತ್ತಾ ಹೋಯಿತು, ನೋಡುವವರು ಯಾರೂ ಇರಲಿಲ್ಲ. ತಿಂಗಳುಗಟ್ಟಲೆ ಸೇರಿ ಚಿತ್ರಗಳು ಲಕ್ಷದ ಮಾತಿಗೆ ಹೋಗಿದ್ದವು.

ಮಾಮನ ಗುಮಾನಿ ಇದ್ದದ್ದು ತೋಟ ನೋಡಿಕೊಳ್ಳುವ ಆಳಿನ ಮೇಲೆ. ನಾನು ಫ್ರಾಕು ಹಾಕಿಕೊಳ್ಳುವ ಕಾಲದಿಂದ ಕಾಕಾ ಎಂದು ಕರೆದ ಮನುಷ್ಯ ಅವನು. ರಜೆಗೆ ಹೋದಾಗ ಬಾಳೆದಿಂಡಿನ ಗಾಡಿ ಮಾಡಿಕೊಟ್ಟು, ಅದು ಮುರಿದರೆ ನನ್ನನ್ನೇ ಬೈದು, ಮತ್ತೊಂದು ಮಾಡಿಕೊಟ್ಟವನು. ಮಾಮ ಅವನನ್ನು ನಾಲ್ಕು ಮಂದಿಯ ಎದುರಿಗೆ ಕಳ್ಳ ಎಂದುಬಿಟ್ಟಿದ್ದ. ಬೇಲಿನೇ ಎದ್ದು ಹೊಲ ಮೇಯ್ದಂಗ ಆಗ್ಯದ ಎಂಬ ಮಾತನ್ನು ನನ್ನ ಮುಂದೆಯೂ ಹೇಳಿದ. ಕಾಕಾನೂ ಸಿಟ್ಟಿನಲ್ಲಿ ಏನೂ ಕಡಿಮೆಯಿಲ್ಲ. ಆ ಡಬ್ಬಿಯೊಳಗೆ ಇರುವುದನ್ನು ತೆಗೆಸಿ ನೋಡಿರಿ, ಅಲ್ಲಿಯವರೆಗೆ ನಾನು ಒಳಗೆ ಕಾಲಿಡುವುದಿಲ್ಲ, ಎಂದು ಹೇಳಿ ತೋಟದ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತಿದ್ದ. ಬೆಳಿಗ್ಗೆ ಬರುತ್ತಾನೆ, ಕೂರುತ್ತಾನೆ, ಸಂಜೆ ಎದ್ದು ಹೋಗುತ್ತಾನೆ. ಮಾಮನೂ ಸೋಲಲಿಲ್ಲ. ಬರುವ ಸಂತೆಯೊಳಗೆ ಇದು ಇತ್ಯರ್ಥವಾಗದಿದ್ದರೆ ಬೇರೆ ಆಳು ತರುತ್ತೇನೆ ಎಂದು ಸಾರಿಬಿಟ್ಟಿದ್ದ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ನೀರು ತಪ್ಪಿದ ಬಾಳೆ ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ಊರಲ್ಲೇ, ಮನೆಯಲ್ಲೇ ಕೂತು ಪ್ರೋಗ್ರಾಮ್ ಬರೆದುಕೊಡುವವಳು. ಕೂತು ಎಂದದ್ದು ಮಾತಿಗೆ. ಒಂದು ಕಡೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕುಕ್ಕರಿನ ಸೀಟಿಗೆ ಕಾಯಲಾರದೆ ಅದರ ಸುತ್ತ ತಿರುಗುವವಳು, ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಹೋಗಿ ನಡುದಾರಿಯಲ್ಲಿ ಬಸ್ಸು ತಪ್ಪಿಸಿಕೊಳ್ಳುವವಳು. ನಲವತ್ತು ದಾಟಿದರೂ ಈ ಚಾಳಿ ಹೋಗಿಲ್ಲ. ಇವಳ ಕಾಲಿಗೆ ದೇವರು ಚಕ್ರ ಕಟ್ಟಿ ಕಳಿಸಿದ್ದಾನೆ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಂಥವಳು ಮಾಮನಿಗೆ ಏನು ಹೇಳಿಯೇನು? ಸಂಜೆಯೊಳಗೆ ನೋಡಿ ಹೇಳುತ್ತೇನೆ ಎಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಗಂಡಸರಿಗಷ್ಟೇ ಅಲ್ಲ.

ಸಂಜೆ ಫೋನ್ ಬಂತು. ಮಾಮ ಮಾಡಿದ್ದಿರಬೇಕು ಎಂದುಕೊಂಡು ತೆಗೆದರೆ ಕಾಕಾ.

"ನಿನ್ನ ಕೈಯಾಗ ಕೊಟ್ಟಾರಂತ ಕೇಳ್ದೆ," ಎಂದ. "ಲಗೂ ನೋಡವ್ವಾ. ಮಂದಿ ಹಾದಿ ಮ್ಯಾಗ ಹೋಗೋರು ನನ್ನ ಮಾರಿ ನೋಡಿ ಹೋಗಾಕತ್ಯಾರ."

ಕಾಕಾ ಹಾಗೆಲ್ಲ ಫೋನ್ ಮಾಡುವವನಲ್ಲ. ಅವನ ದನಿಯಲ್ಲಿ ನಾನು ಎಂದೂ ಕೇಳದಿದ್ದ ಒಂದು ದೈನ್ಯ ಇತ್ತು, ಬೇಡುವವರ ದನಿ. ಅದನ್ನು ನನಗೆ ಸಹಿಸಲಾಗಲಿಲ್ಲ. ಆ ಹೊತ್ತಿಗೆ ನನ್ನ ಕಂಪ್ಯೂಟರು ಉಸಿರಾಡುವುದನ್ನೂ ನಿಲ್ಲಿಸಿತ್ತು.

ಆದದ್ದು ಇಷ್ಟೇ. ಲಕ್ಷಗಟ್ಟಲೆ ಚಿತ್ರಗಳನ್ನು ಕಣ್ಣಿನಿಂದ ನೋಡುತ್ತಾ ಕೂರುವುದು ಆಗದ ಮಾತು. ಅದಕ್ಕೆ ಒಂದು ಪ್ರೋಗ್ರಾಮ್ ಬರೆದೆ. ಪ್ರತಿ ಚಿತ್ರದಲ್ಲೂ ಕಾಲುದಾರಿಯ ಭಾಗವನ್ನಷ್ಟೇ ನೋಡು, ಹಿಂದಿನ ಚಿತ್ರಕ್ಕೂ ಇದಕ್ಕೂ ಅಲ್ಲಿ ಏನಾದರೂ ಬದಲಾಗಿದ್ದರೆ ಎತ್ತಿಡು, ಎನ್ನುವುದು ಅದಕ್ಕೆ ಕೊಟ್ಟ ಕೆಲಸ. ಆದರೆ ಅವಸರದಲ್ಲಿ, ಮೊದಲು ಎಲ್ಲಾ ಚಿತ್ರಗಳನ್ನು ತೆರೆದಿಟ್ಟುಕೋ, ಆಮೇಲೆ ನೋಡುತ್ತಾ ಹೋಗು, ಎಂದು ಬರೆದಿದ್ದೆ. ಕಂಪ್ಯೂಟರಿನ ಮೆಮೊರಿ ಎಂದರೆ ಅದು ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ನಮ್ಮ ಅಡಿಗೆಮನೆಯ ಕಟ್ಟೆಯ ಹಾಗೆ, ಇರುವುದು ಇಷ್ಟೇ ಇಷ್ಟು. ಅದರ ಮೇಲೆ ಒಂದು ಊರಿನ ಸಾಮಾನು ತಂದು ಸುರಿದರೆ ಏನಾದೀತು? ಫ್ಯಾನು ಜೋರಾಗಿ ತಿರುಗಿತು, ಪರದೆ ನಿಂತಿತು, ಕೊನೆಗೆ ಎಲ್ಲಾ ಬಂದ್.

ಊಟಕ್ಕೆ ಕೂತಾಗ ನನಗೆ ತಟ್ಟೆಯ ಕಡೆ ಲಕ್ಷ್ಯವಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಬಿಸಿ ರೊಟ್ಟಿಯ ಪದ್ಧತಿ. ಉಣ್ಣುವವರು ಕೂತ ಮೇಲೆಯೇ ಬಡಿಯುವುದು. ತಟ್ಟೆಯಲ್ಲೊಂದು, ಹಂಚಿನ ಮೇಲೊಂದು, ಕೈಯ ಕೆಳಗೊಂದು, ಅದಕ್ಕಿಂತ ಹೆಚ್ಚು ರೊಟ್ಟಿ ಯಾವ ಗಳಿಗೆಯಲ್ಲೂ ಇರುವುದಿಲ್ಲ. ಬೀಗರು ಬಂದು ಸಾಲಾಗಿ ಕೂತರೂ ಅಷ್ಟೇ. ಎಷ್ಟು ಜನ ಉಂಡೆದ್ದರೂ ಕಟ್ಟೆಯ ಮೇಲೆ ರೊಟ್ಟಿ ಬೆಳೆಯುವುದಿಲ್ಲ. ನನ್ನ ಕಸುಬಿನಲ್ಲೂ ಈ ಪದ್ಧತಿ ಇದೆ. ಕೇಳಿದಾಗ ಮಾತ್ರ ಮುಂದಿನದನ್ನು ಮಾಡಿಕೊಡುವ ಸರಣಿ. ಸೋಮಾರಿ ಸರಣಿ ಎಂದು ಅದಕ್ಕೆ ಹೆಸರು. ಬೇಡದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದು, ಅದಕ್ಕೇ ಆ ಹೆಸರು. ಇಷ್ಟು ವರ್ಷ ಈ ಕೆಲಸ ಮಾಡಿದವಳು ಮೊದಲೇ ಅದನ್ನು ಬಳಸಬೇಕಿತ್ತು. ಅರ್ಧ ರೊಟ್ಟಿ ಬಿಟ್ಟು ಎದ್ದೆ. ಸೋಮಾರಿ ಸರಣಿ ಮಾಡ್ತೀನವ್ವಾ ಎಂದದ್ದಕ್ಕೆ ಅವ್ವ, ಮಾಡೋದೇನು ಬಂತು, ಇಡೀ ಮನೆ ತುಂಬ ಅವೇ ಅದಾವ, ಎಂದಳು.

ಹೊಸದಾಗಿ ಬರೆದ ಪ್ರೋಗ್ರಾಮ್ ಮರುದಿನ ಬೆಳಿಗ್ಗೆ ಹರಿಯುವ ನೀರಿನ ಹಾಗೆ ಓಡಿತು. ಒಂದು ಚಿತ್ರ ಬಂತು, ನೋಡಿತು, ಇನ್ನೊಂದು ಬಂತು. ನಾನು ಚಹ ಮಾಡಿಕೊಂಡು ಬಂದು ನೋಡಿದೆ. ಬಟ್ಟೆ ಒಣಗಹಾಕಿ ಬಂದು ನೋಡಿದೆ. ಪರದೆಯ ಕೆಳಗೆ, ಇಷ್ಟು ಆಯಿತು, ಇಷ್ಟು ಉಳಿಯಿತು ಎಂದು ಒಂದು ಸಾಲು ಬರುವ ಹಾಗೆ ಮಾಡಿಕೊಂಡಿದ್ದೆ. ಅದನ್ನು ನೋಡದೆ ಇರಲಾಗುತ್ತಿರಲಿಲ್ಲ. ಕಾಕಾ ಫೋನ್ ಮಾಡಿದಾಗ ಆ ಸಾಲು ನೋಡಿ, ಕಾಲು ಭಾಗ ಆಯ್ತು ಕಾಕಾ, ಎಂದು ಹುರುಪಿನಿಂದ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಓಟ ನಡಿಗೆಯಾಯಿತು. ಆಮೇಲೆ ನಡಿಗೆ ತೆವಳುವುದಾಯಿತು. ಅರ್ಧ ದಾಟುವ ಹೊತ್ತಿಗೆ ಮತ್ತೆ ಬಂದ್.

ರಾತ್ರಿ ಎರಡನೇ ಸಲ ಓಡಿಸಿದೆ. ಅಲ್ಲೇ ಬಂದು ನಿಂತಿತು. ಹಳೇ ಕಂಪ್ಯೂಟರು ಎಂದು ಬೈದೆ. ಕಾರ್ಡು ಕೆಟ್ಟಿದೆ ಎಂದೆ. ಕರೆಂಟು ಸರಿಯಿಲ್ಲ ಎಂದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಬೆಳಗಾದ ಮೇಲೆ ಮತ್ತೆ ಮೊದಲಿಂದ ಹಚ್ಚಿ, ಮನೆಯಲ್ಲಿ ನಿಲ್ಲಲಾರದೆ ಹೊರಬಿದ್ದು ಕೋಟೆಯ ಕಡೆ ನಡೆದೆ. ಬಿಸಿಲಿಗೆ ಕಂದಕದ ನೀರು ಹಸಿರು ಬಿಟ್ಟುಕೊಂಡು ನಾರುತ್ತಿತ್ತು. ಒಳಗೆ ಹಳೇ ಮಸೀದಿಯ ಕಮಾನುಗಳ ನೆರಳಲ್ಲಿ ಕೂತರೆ ಮನಸ್ಸು ತಣಿಯುತ್ತದೆ ಎಂದು ಊರವರು ಹೇಳುತ್ತಾರೆ. ನಾನು ಕೂತೆ, ಎದ್ದೆ, ಇನ್ನೊಂದು ಕಮಾನಿನ ಕೆಳಗೆ ಹೋಗಿ ಕೂತೆ. ಅಲ್ಲಿ ಬೇವಿನ ಮರದ ಕೆಳಗೆ ಕಾಕಾ ಹೀಗೇ ಕೂತಿದ್ದಾನೆ, ಆದರೆ ಅವನಿಗೆ ಏಳುವ ಹಾಗಿಲ್ಲ, ಎದ್ದರೆ ಓಡಿಹೋದ ಎನ್ನುತ್ತಾರೆ, ಎನ್ನುವುದು ನೆನಪಾಗಿ ಅಲ್ಲಿಯೂ ಇರಲಾಗಲಿಲ್ಲ. ಆಟೋ ಹಿಡಿದು ಮನೆಗೆ ಬಂದೆ. ಬಂದ್ ಆಗಿತ್ತು.

ನನಗೆ ನಿಜವಾಗಿಯೂ ಹೆದರಿಕೆ ಆದದ್ದು ಆಗ. ಸಂತೆಗೆ ಎರಡೇ ದಿನ ಇತ್ತು. ಮಾಮ, ಮಹಾಗಾಂವದಲ್ಲಿ ಯಾರನ್ನೋ ಮಾತಾಡಿಸಿ ಬಂದಿದ್ದೇನೆ, ಹೊಸ ಆಳು ಸಿಗುವ ಹಾಗಿದೆ, ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದ್ದ. ಕಳ್ಳತನ ಮಾಡಿದವರು ಸಿಗದೆ ಹೋದರೆ ಮಾಡದವನ ಮೇಲೇ ಅದು ಉಳಿಯುತ್ತದೆ. ನಮ್ಮ ಕಡೆ ಒಬ್ಬ ಮನುಷ್ಯನಿಗೆ ತೋಟದ ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಕಳ್ಳ ಎಂಬ ಹೆಸರು ಹೊತ್ತವನಿಗೆ ಯಾರೂ ಕೀಲಿಕೈ ಕೊಡುವುದಿಲ್ಲ.

ಆ ಹೊತ್ತಿಗೆ ಮತ್ತೆ ಫೋನ್. ಕಾಕಾ ಕೇಳಿದ್ದು ಒಂದೇ ಮಾತು.

"ಎಷ್ಟು ಆಯ್ತವ್ವಾ?"

ಉತ್ತರ ಕೊಡುವ ಸಾಲಿಗಾಗಿ ಪರದೆ ನೋಡಿದೆ. ನಿಂತ ಪರದೆಯಲ್ಲಿ ಅದು ಹಾಗೇ ನಿಂತಿತ್ತು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಲೆಕ್ಕ ಎಲ್ಲಿಂದ ಬರುತ್ತಿದೆ ಎಂದು ನಾನು ಬರೆದದ್ದನ್ನೇ ತಿರುಗಿ ಓದಿದಾಗ ಕೈ ಹಣೆಗೆ ಹೋಯಿತು. ಫೋನಿನಲ್ಲಿ ಕಾಕಾ ಇನ್ನೂ ಇದ್ದ. ಸಂಜೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ.

ಎಷ್ಟು ಆಯಿತು ಎಂದು ತಿಳಿಯಬೇಕಾದರೆ ಮೊದಲಿನಿಂದ ಎಣಿಸಬೇಕು. ಎಣಿಸಬೇಕಾದರೆ ಸರಣಿಯ ಮೊದಲ ತುದಿ ಕೈಯಲ್ಲಿ ಇರಬೇಕು. ನಾನು ಅದನ್ನು ಒಂದು ಹೆಸರು ಕೊಟ್ಟು ಹಿಡಿದಿಟ್ಟುಕೊಂಡಿದ್ದೆ. ಶಾಲೆಯ ಮಕ್ಕಳನ್ನು ಕೈಕೈ ಹಿಡಿಸಿ ರಸ್ತೆ ದಾಟಿಸುತ್ತಾರಲ್ಲ, ಆ ಸರಣಿಯೂ ಹಾಗೆ. ಮೊದಲನೆಯದು ಎರಡನೆಯದರ ಕೈ ಹಿಡಿದಿರುತ್ತದೆ, ಎರಡನೆಯದು ಮೂರನೆಯದರದು. ನೋಡಿ ಮುಗಿದದ್ದನ್ನು ಬಿಟ್ಟುಕೊಟ್ಟರೆ ಅದು ತನ್ನಷ್ಟಕ್ಕೆ ಮನೆಗೆ ಹೋಗುತ್ತದೆ, ಜಾಗ ಖಾಲಿಯಾಗುತ್ತದೆ. ಮೊದಲನೆಯದರ ಕೈಯನ್ನು ನಾನೇ ಬಿಗಿಯಾಗಿ ಹಿಡಿದು ನಿಂತರೆ ಹಿಂದೆ ಬಂದದ್ದು ಒಂದೂ ಕದಲುವುದಿಲ್ಲ. ಒಂದೊಂದೇ ಬಂದರೂ ಒಂದೂ ಹೋಗಲಿಲ್ಲ. ಕಟ್ಟೆ ತುಂಬದೆ ಇನ್ನೇನಾದೀತು? ಯಂತ್ರಕ್ಕೆ ಏನೂ ಆಗಿರಲಿಲ್ಲ. ಎಷ್ಟು ಆಯಿತು ಎಂದು ಗಳಿಗೆಗೊಮ್ಮೆ ಕೇಳುವ ನನ್ನ ತುರಿಕೆಗೆ ಅದರ ಉಸಿರು ಕಟ್ಟಿತ್ತು. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ನಗುವೂ ಬಂತು.

ಆ ಸಾಲನ್ನು ಅಳಿಸಿದೆ. ಮೊದಲ ತುದಿಗೆ ಕೊಟ್ಟ ಹೆಸರನ್ನೂ ಅಳಿಸಿದೆ. ಈಗ ಪ್ರೋಗ್ರಾಮಿನ ಕೈಯಲ್ಲಿ ಎರಡೇ ಚಿತ್ರ, ಈಗಿನದು ಮತ್ತು ಅದರ ಹಿಂದಿನದು. ಹಚ್ಚಿದೆ. ಪರದೆ ಕಪ್ಪಗೆ ಕೂತಿತು. ಓಡುತ್ತಿದೆಯೋ ಮಲಗಿದೆಯೋ, ಮುಗಿಯುವುದು ಇವತ್ತೋ ನಾಳೆಯೋ, ತಿಳಿಯಲು ದಾರಿಯೇ ಇಲ್ಲ. ಅಂಥ ದಿನ ನನ್ನ ಶತ್ರುವಿಗೂ ಬೇಡ. ಇದ್ದ ಕಪಾಟನ್ನೆಲ್ಲ ತೆಗೆದು ಜೋಡಿಸಿದೆ. ಅವ್ವನ ಜೋಳ ಹಸನು ಮಾಡಿಕೊಡುತ್ತೇನೆಂದು ಮೊರ ಹಿಡಿದು, ಹರಳಿನ ಜೊತೆ ಜೋಳವನ್ನೂ ಚೆಲ್ಲಿ ಬೈಸಿಕೊಂಡೆ. ಕಾಕಾ ಫೋನ್ ಮಾಡಿದರೆ ಏನು ಹೇಳಲಿ? ಗೊತ್ತಿಲ್ಲ ಕಾಕಾ, ನಡೆದಿದೆ, ಎಂದೆ. ಅವನು, ಆಗಲಿ, ಎಂದ. ಆ ಆಗಲಿ ನನ್ನನ್ನು ಮಲಗುವವರೆಗೂ ಚುಚ್ಚಿತು.

ಮರುದಿನ ಬೆಳಿಗ್ಗೆ ಅದು ಮುಗಿದು ಕೂತಿತ್ತು. ಎತ್ತಿಟ್ಟ ಚಿತ್ರಗಳು ನೋಡಲು ಆಗುವಷ್ಟು ಮಾತ್ರ. ನಾಯಿ, ಮುಸುವ, ಗರಿ ಎಳೆದುಕೊಂಡು ದಾಟುವ ನವಿಲು. ಮಾಮ, ಫೋನ್ ಕಿವಿಗೆ ಹಚ್ಚಿಕೊಂಡು ಕೈ ಬೀಸುತ್ತಾ. ಎಲ್ಲರಿಗಿಂತ ಹೆಚ್ಚು ಕಾಕಾ. ಅವುಗಳ ನಡುವೆ, ಇನ್ನೂ ಬೆಳಕು ಸರಿಯಾಗಿ ಹರಿಯದ ಒಂದು ಚಿತ್ರದಲ್ಲಿ, ಸೆರಗು ಮುಚ್ಚಿದ ಗೊನೆಯೊಂದನ್ನು ಸೊಂಟಕ್ಕೆ ಇಟ್ಟುಕೊಂಡು ದಾರಿಯಲ್ಲಿ ಬರುತ್ತಿರುವ ಹೆಂಗಸು. ಮುಂದೆ ಒಂದು ತಿಂಗಳು ಬಿಟ್ಟು ಮತ್ತೆ. ಮತ್ತೆ. ಮುಖವನ್ನು ದೊಡ್ಡದು ಮಾಡಿ ನೋಡುವ ಅಗತ್ಯವಿರಲಿಲ್ಲ. ಆ ನಡಿಗೆ ನನಗೆ ಗೊತ್ತು. ಮಾಮನ ಹೆಂಡತಿ, ನನ್ನ ಅತ್ತೆ.

ಮಾಮನಿಗೆ ಫೋನ್ ಮಾಡಲು ಹೋದವಳು ತಡೆದುಕೊಂಡೆ. ಜೀವನದಲ್ಲಿ ಮೊದಲ ಸಲವೋ ಏನೋ. ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕಮಲಾಪುರಕ್ಕೆಂದು ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳು, ತೊಗರಿ ಕಡಿದ ಮೋಟುಗಳು. ಬಸ್ಸು ಮಹಾಗಾಂವ ಕ್ರಾಸಿನಲ್ಲಿ ನಿಂತಷ್ಟು ಹೊತ್ತೂ ನಾನು ಸೀಟಿನ ಕಂಬಿ ಬೆರಳಿಂದ ಬಡಿಯುತ್ತಿದ್ದೆ. ಪಕ್ಕದ ಹೆಂಗಸು, ಯಾರಿಗಾರ ಆರಾಮ ಇಲ್ಲೇನವ್ವಾ, ಎಂದು ಕೇಳಿದಳು.

ಅತ್ತೆ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಏನೂ ಹೇಳದೆ ಚಿತ್ರ ತೆಗೆದು ಅವಳ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಅಯ್ಯ, ಆ ಡಬ್ಬಿ ನೀರಿನ ಪೈಪಿಂದು ಅಂತ ತಿಳಕೊಂಡಿದ್ದೆ, ಎಂದಳು. ಆಮೇಲೆ ಕೂತಳು.

ಅವಳು ಹೇಳಿದ್ದು ನನಗೆ ಪೂರಾ ಹೊಸದಲ್ಲ. ಸಣ್ಣವಳಿದ್ದಾಗ ಕಂಡದ್ದೇ, ಮರೆತಿದ್ದೆ. ಆಯಿ, ಎಂದರೆ ಮಾಮನ ತಾಯಿ, ನನ್ನ ಅಜ್ಜಿ, ಇರುವವರೆಗೆ ತೋಟದ ಪ್ರತಿ ಹೊಸ ಸಾಲಿನ ಮೊದಲ ಗೊನೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅದನ್ನು ಹಣ್ಣಿಗೆ ಹಾಕಿ, ಮಹಾಗಾಂವ ದಾರಿಯಲ್ಲಿ ಟೆಂಪೊ ಕಾಯುವವರು ಕೂರುವ ಕಟ್ಟೆಯ ಮೇಲೆ ಇಟ್ಟು ಬರುವುದು. ಬಂದವರು, ಹೋದವರು, ಯಾರು ಬೇಕಾದರೂ ಕಿತ್ತು ತಿನ್ನಬೇಕು. ಯಾರ ತೋಟದ್ದೆಂದು ಕೇಳಬಾರದು, ಇಟ್ಟವರು ಹೇಳಬಾರದು. ಮೊದಲನೆಯದನ್ನು ಹಿಡಿದಿಟ್ಟುಕೊಂಡವರ ಸಾಲು ಏಳುವುದಿಲ್ಲ ಎಂದು ಆಯಿಯ ಮಾತು. ಆಯಿ ಹೋದ ಮೇಲೆ, ವ್ಯಾಪಾರಸ್ಥರು ಗಿಡದ ಮೇಲಿರುವಾಗಲೇ ಗೊನೆ ಎಣಿಸಿ ಮಾತಾಡಲು ಶುರುಮಾಡಿದ ಮೇಲೆ, ಮಾಮ ಅದನ್ನು ನಿಲ್ಲಿಸಿದ. ಅತ್ತೆ ನಿಲ್ಲಿಸಲಿಲ್ಲ. ಕಾಕಾ ಬರುವುದಕ್ಕೆ ಮೊದಲೇ ಎದ್ದು ಹೋಗಿ ಕೊಯ್ದು, ಬದುವಿನ ಮೇಲಿನ ಜೋಳದ ಕಣಿಕೆಯ ಬಣವೆಯಲ್ಲಿ ಹಣ್ಣಿಗೆ ಹಾಕಿ, ಆದ ಮೇಲೆ ಒಯ್ದು ಇಡುತ್ತಿದ್ದಳು.

"ನಿಮ್ಮ ಮಾಮಾನೂ ತಿಂದಾನ," ಎಂದಳು. "ಟೆಂಪೊ ಕಾಯ್ಕೋತ ಕುಂತು ಎರಡು ತಿಂದು ಬಂದು, ಯಾರ ತೋಟದ್ದೋ ಏನೋ, ರುಚಿ ಭಾಳ ಛಲೋ ಅದ ಅಂದ."

ನಗು ಬರಬೇಕಿತ್ತು, ಬರಲಿಲ್ಲ. ಕಾಕಾನನ್ನು ಕಳ್ಳ ಎಂದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು, ಹಿರಿಯರು ಎನ್ನುವುದನ್ನೂ ಮರೆತಿದ್ದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಎರಡು ದಿನದ ಸಿಟ್ಟು, ಮೂರನೇ ದಿನ ತಾನೇ ಹೋಗಿ ಕರೆಯುತ್ತಾನೆ ಎಂದುಕೊಂಡಳಂತೆ. ಆಮೇಲೆ ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತಂತೆ. ಈ ಮನೆಯಲ್ಲಿ ನಾನು ಗಂಡನನ್ನು ಕೇಳದೆ ಮಾಡಿದ ಕೆಲಸ ಇದೊಂದೇ, ಎಂದಳು. ಅಷ್ಟು ಹೇಳಿ ಎದ್ದು ಮುಖ ತೊಳೆದು, ಚಪ್ಪಲಿ ಮೆಟ್ಟಿ, ನಡಿ ಎಂದಳು. ನಾನು ಅವಳ ಹಿಂದೆ ಓಡಬೇಕಾಯಿತು.

ತೋಟದ ಗೇಟಿನ ಹೊರಗೆ ಬೇವಿನ ಕೆಳಗೆ ಕಾಕಾ. ಗೇಟಿನ ಒಳಗೆ ಮೋಟರಿನ ಶೆಡ್ಡಿನ ನೆರಳಲ್ಲಿ ಮಾಮ. ನಡುವೆ ಹತ್ತು ಮಾರು. ಎಲೆಗಳು ಮಡಚಿಕೊಂಡಿದ್ದವು, ಕೆಲವು ಗಿಡಗಳು ಗೊನೆಯ ಭಾರಕ್ಕೆ ವಾಲಿದ್ದವು. ಆನುಗೋಲು ಕೊಡುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅತ್ತೆ ಗೇಟಿನಲ್ಲಿ ನಿಂತು ಇಬ್ಬರಿಗೂ ಕೇಳುವ ಹಾಗೆ ಹೇಳಿದಳು.

"ಗೊನಿ ಒಯ್ದಾಕಿ ನಾನು. ಆಯಿ ಹೇಳಿದ್ದು ಬಿಡಬಾರದಂತ ಒಯ್ದೆ, ಕಟ್ಟಿ ಮ್ಯಾಗ ಇಟ್ಟೆ. ಇವನ ಹೆಸರು ತಗೊಂಡಾಗ ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪು ನಂದದ."

ಕಟ್ಟೆಯ ಮೇಲೆ ತಿಂದ ಹಣ್ಣು ಮಾಮನಿಗೆ ನೆನಪಾದದ್ದು ನನಗೆ ಮುಖದಲ್ಲೇ ಕಂಡಿತು. ಕಾಕಾ ಎದ್ದು ನಿಂತು ಹೆಗಲ ಮೇಲಿನ ಟವೆಲು ಝಾಡಿಸಿದ. ಸಮಾಧಾನ ಆದವನ ಹಾಗೆ ಕಾಣಲಿಲ್ಲ. ಹೇಳಬೇಕಿತ್ತವ್ವಾ, ಮೊದಲ ದಿನಾನೇ ಹೇಳಬೇಕಿತ್ತು, ಎಂದು ಅತ್ತೆಗೆ ಹೇಳಿ ಊರ ಕಡೆ ಮುಖ ಮಾಡಿದ. ಅವನು ಹೊರಟೇ ಹೋಗುತ್ತಾನೆ ಎಂದುಕೊಂಡೆ. ಎರಡು ಹೆಜ್ಜೆ ಹೋದವನು ತಿರುಗಿ ನನ್ನ ಚೀಲ ನೋಡಿದ.

"ಅದ್ರಾಗ ನಾನೂ ಅದೀನೇನು?"

ಇದ್ದೀರಿ ಎಂದೆ. ಎಷ್ಟು ಎಂದ. ಈಗ ನನ್ನ ಹತ್ತಿರ ಲೆಕ್ಕ ಇತ್ತು, ಆದರೆ ಅದನ್ನು ಅವನ ಮುಖಕ್ಕೆ ಹೇಳಲು ನಾಚಿಕೆಯಾಯಿತು. ಭಾಳ ಅದಾವ ಕಾಕಾ, ಎಂದೆ. ತೋರಿಸು, ನೋಡಿ ಆದ ಮೇಲೆ ಒಂದೊಂದನ್ನೂ ನನ್ನ ಕಣ್ಣ ಮುಂದೆ ತೆಗೆದು ಹಾಕು, ಎಂದ. ಬೇವಿನ ಕೆಳಗೆ ಕೂತು ಲ್ಯಾಪ್‌ಟಾಪು ಮೊಣಕಾಲ ಮೇಲೆ ತೆರೆದೆ.

ಮೊದಲನೆಯದರಲ್ಲಿ ಪರದೆ ತುಂಬ ಒಂದು ಮೂಗು. ಹೊಸದಾಗಿ ಕಟ್ಟಿದ ಡಬ್ಬಿ ಏನೆಂದು ಕಾಕಾ ಹತ್ತಿರ ಬಂದು ಇಣುಕಿದ ಚಿತ್ರ. ಅತ್ತೆಗೆ ನಗು ತಡೆಯಲಾಗಲಿಲ್ಲ. ಕಾಕಾನೂ ಸ್ವಲ್ಪ ನಕ್ಕ, ತೆಗಿ ಎಂದ. ತೆಗೆದೆ. ಮಳೆಯಲ್ಲಿ ಗೋಣಿಚೀಲ ತಲೆಗೆ ಹಾಕಿಕೊಂಡು ಹೋಗುವುದು. ತೆಗಿ. ನೆಡುವ ಬಾಳೆಯ ಕಂದು ಹೊತ್ತು ತರುವುದು. ತೆಗಿ. ದಾರಿಗೆ ಬೆನ್ನು ಮಾಡಿ ಕೂತು ರೊಟ್ಟಿ ತಿನ್ನುವುದು. ಇದರ ಫೋಟೋನೂ ತೆಗೆದಾರಾ, ಎಂದು ಅವನು ಸಣ್ಣಗೆ ಹೇಳಿದಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಹಿಂದೆ ಯಾರೋ ಬಂದು ನಿಂತ ನೆರಳು ಪರದೆಯ ಮೇಲೆ ಬಿತ್ತು. ಮಾಮ ಶೆಡ್ಡಿನಿಂದ ಎದ್ದು ಬಂದಿದ್ದ.

ಮುಂದೆ ಒಂದು ಚಿತ್ರ ಬಂತು. ಗಾಳಿಗೆ ತೋಟವೆಲ್ಲ ಒಂದೇ ಕಡೆ ಮಲಗಿದ ಹಾಗಿದೆ, ದಾರಿಯ ಅಂಚಿನ ಗಿಡವೊಂದನ್ನು ಕಾಕಾ ಎರಡೂ ಕೈಯಿಂದ ತಬ್ಬಿ ಹಿಡಿದು ನಿಂತಿದ್ದಾನೆ. ಮುಂದಿನದರಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ, ಕಾಲು ಮಾತ್ರ ಬದಲಿಸಿದ್ದಾನೆ. ಕಾಲು ಬದಲಾದದ್ದಕ್ಕೇ ನನ್ನ ಪ್ರೋಗ್ರಾಮ್ ಅವನ್ನೆಲ್ಲ ಎತ್ತಿಟ್ಟಿತ್ತು. ನಿಮಿಷಕ್ಕೊಂದರಂತೆ ಆ ಒಂದು ಗಿಡ, ಆ ಒಬ್ಬ ಮನುಷ್ಯ.

ಇದು ಯಾವಾಗಿನದು ಎಂದು ಮಾಮ ಕೇಳಿದ. ಆ ದಿನ ಅವನು ಕಾಕಾನ ಜೊತೆ ಆಡಿದ ಮೊದಲ ಮಾತು ಅದು. ನೀವು ಬೀಗರ ಮನೆ ಮದುವೆಗೆ ಹೋದಾಗ ಗಾಳಿ ಎದ್ದಿತ್ತಲ್ಲ, ಆವಾಗಿನದು, ಎಂದು ಕಾಕಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. ಮಾಮ ಮರಳಿ ಬಂದಾಗ ಅವನು ಅದನ್ನು ಹೇಳಿರಲಿಲ್ಲ, ಮಾಮ ಕೇಳಿಯೂ ಇರಲಿಲ್ಲ.

ನನ್ನ ಚಾಳಿ ಬಿಡಬೇಕಲ್ಲ. ಎಲ್ಲಾ ಒಂದೇ ಥರ ಇವೆ, ಒಟ್ಟಿಗೆ ತೆಗೆದುಬಿಡುತ್ತೇನೆ, ಎಂದು ಬೆರಳು ಎತ್ತಿದೆ. ಮಾಮ ಬಗ್ಗಿ ನನ್ನ ಕೈ ಹಿಡಿದ.

"ಬ್ಯಾಡ," ಎಂದ. "ಒಂದೊಂದೇ ತೋರ್ಸು."

ಒಂದೊಂದೇ ತೋರಿಸಿದೆ. ಮಾಮ ಒಂದೊಂದನ್ನೂ ನೋಡಿದ. ಗಾಳಿ ನಿಂತು, ಕಾಕಾ ಗಿಡ ಬಿಟ್ಟು ನೆಲಕ್ಕೆ ಕುಸಿದು ಕೂತ ಚಿತ್ರದವರೆಗೂ ನೋಡಿದ. ಇದೊಂದು ಇರಲಿ ಎಂದ. ಕಾಕಾ ತಲೆ ಅಲ್ಲಾಡಿಸಿದ. ಬ್ಯಾಡ್ರಿ ಸಾವಕಾರ್ರ, ತೆಗಿಯವ್ವಾ, ಎಂದ. ತೆಗೆದೆ. ಪರದೆ ಖಾಲಿಯಾಯಿತು. ತಪ್ಪಾಯಿತು ಎಂಬ ಮಾತು ಮಾಮನ ಬಾಯಿಂದ ಆ ದಿನವೂ ಬರಲಿಲ್ಲ, ಈವರೆಗೂ ಬಂದಿಲ್ಲ.

ಕಾಕಾ ಮೊಣಕಾಲು ಹಿಡಿದು ಎದ್ದ. ಇವತ್ತು ತೋಟದ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ. ಕೇಳಿದ್ದು ಅತ್ತೆಯನ್ನು. ಉತ್ತರ ಕೊಟ್ಟದ್ದು ಮಾಮ, ಬಂದದ ಆಗಲೇ, ಎಂದು. ಕಾಕಾ ಅವನ ಕಡೆ ನೋಡದೆ ಗೇಟು ತಳ್ಳಿ ಒಳಗೆ ಹೋಗಿ ವಾಲಿದ ಗಿಡಗಳ ಸಾಲಿಗೆ ನೆಟ್ಟಗೆ ನಡೆದ. ಗೇಟು ಹಿಂದಕ್ಕೆ ಬೀಸಿ ಗೋಡೆಗೆ ಬಡಿಯುವುದರಲ್ಲಿತ್ತು. ಮಾಮ ಓಡಿಹೋಗಿ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ, ಸದ್ದಾಗದ ಹಾಗೆ ಮುಚ್ಚಿ, ಆನುಗೋಲು ಹೊತ್ತುಕೊಂಡು ಅವನ ಹಿಂದೆ ಹೋದ.